ಮರಗೆಲಸದ ಯಂತ್ರ ಕಲಿಸುವಾಗ ಮಕ್ಕಳಿಗೆ ಕಾರಣವನ್ನೂ ಹೇಳಿ

ಶಾಲೆಯ ಮರಗೆಲಸದ ವರ್ಕ್‌ಶಾಪಿನಲ್ಲಿ ಬಾಗಿಲ ಪಕ್ಕ ಒಂದು ದೊಡ್ಡ ಪಟ್ಟಿ ಇದ್ದೇ ಇರುತ್ತದೆ. ಕನ್ನಡಕ ಹಾಕಿ, ಕೂದಲು ಕಟ್ಟಿ, ತೋಳು ಮಡಚಿ, ಗ್ಲೌಸ್ ಬೇಡ, ಓಡಬೇಡಿ, ಯಂತ್ರದ ಮುಂದೆ ಇರುವವರನ್ನು ಮಾತಾಡಿಸಬೇಡಿ. ಮೊದಲ ಕ್ಲಾಸಿನಲ್ಲಿ ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಆಮೇಲೆ ಅದರ ಮೇಲೊಂದು ಪರೀಕ್ಷೆ, ಪಾಸಾದವರ ಹೆಸರಿನ ಮುಂದೆ ಒಂದು ಸಹಿ. ಸುರಕ್ಷತೆಯ ಪಾಠ ಅಲ್ಲಿಗೆ ಮುಗಿಯಿತು, ಇನ್ನು ಕೆಲಸದ ಪಾಠ ಶುರು ಎಂಬ ಲೆಕ್ಕ. ನನಗೆ ಈ ಕ್ರಮದ ಬಗ್ಗೆ ಬಹಳ ಕಾಲದಿಂದ ತಕರಾರಿದೆ.

ನಾನು ಯಂತ್ರದ ಮರಗೆಲಸ ಕಲಿತದ್ದು ಶಾಲೆಯಲ್ಲೇ. ಈಗಲೂ ಬಿಡುವಿದ್ದಾಗ ಒಂದು ಶಾಲೆಯ ವರ್ಕ್‌ಶಾಪಿನಲ್ಲಿ ಮಕ್ಕಳ ಜೊತೆ ನಿಲ್ಲುತ್ತೇನೆ. ಇಷ್ಟು ಕಾಲ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಒಂದೇ: ಯಂತ್ರದ ಮುಂದೆ ಸುರಕ್ಷಿತವಾಗಿ ನಿಲ್ಲುವುದನ್ನು ಕಲಿಯುವುದೂ, ಅದರಿಂದ ಚೊಕ್ಕ ಕೆಲಸ ತೆಗೆಯುವುದನ್ನು ಕಲಿಯುವುದೂ ಒಂದೇ ಕಲಿಕೆ. ಬ್ಲೇಡು ಯಾವ ಕಡೆ ತಿರುಗುತ್ತಿದೆ, ಅದು ಮರವನ್ನು ಎತ್ತ ತಳ್ಳುತ್ತದೆ, ಮರ ಆ ಹೊತ್ತಿನಲ್ಲಿ ಯಾವುದಕ್ಕೆ ಆತುಕೊಂಡಿದೆ. ಇಷ್ಟು ಗೊತ್ತಿರುವ ಮಗುವಿಗೆ ಗೋಡೆಯ ಮೇಲಿನ ಪಟ್ಟಿಯ ಅರ್ಧ ನಿಯಮಗಳು ತಾನಾಗೇ ಹೊಳೆಯುತ್ತವೆ. ಇಷ್ಟು ಗೊತ್ತಿಲ್ಲದ ಮಗು ಪಟ್ಟಿಯನ್ನು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದರೂ, ಪಟ್ಟಿಯಲ್ಲಿ ಇಲ್ಲದ ಸಂದರ್ಭ ಎದುರಾದ ದಿನ ಅದರ ಕೈಯಲ್ಲಿ ಏನೂ ಇರುವುದಿಲ್ಲ.

ಟೇಬಲ್ ಸಾ ಇಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜಾಸ್ತಿ ಭಯವೂ ಅದರದ್ದೇ, ಜಾಸ್ತಿ ತಪ್ಪು ತಿಳುವಳಿಕೆಯೂ ಅದರ ಬಗ್ಗೆಯೇ. ಮೇಜಿನ ಸೀಳಿನಿಂದ ಮೇಲೆದ್ದು ನಿಂತ ದುಂಡು ಗರಗಸ. ಸಾಮಾನ್ಯವಾಗಿ 10 ಇಂಚಿನ ಬ್ಲೇಡು, ನಿಮಿಷಕ್ಕೆ ಸುಮಾರು 4000 ಸುತ್ತು. ಈ ಎರಡು ಅಂಕಿ ಕೊಟ್ಟು, ಹಲ್ಲಿನ ತುದಿ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತ ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಬೇಕು. ಗಂಟೆಗೆ 190 ಕಿ.ಮೀ. ಹತ್ತಿರ ಬರುತ್ತದೆ. ಆಮೇಲೆ ಇನ್ನೊಂದು ಲೆಕ್ಕ. ಏನೋ ಆಯಿತು ಅಂತ ಕಣ್ಣು ಕಂಡು ಕೈ ಹಿಂದೆ ಬರುವುದಕ್ಕೆ ಕಾಲು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಬ್ಲೇಡು 16 ಸುತ್ತು ದಾಟಿರುತ್ತದೆ. 40 ಹಲ್ಲಿನ ಬ್ಲೇಡಾದರೆ 600ಕ್ಕೂ ಹೆಚ್ಚು ಹಲ್ಲುಗಳು ಅದೇ ಜಾಗದಲ್ಲಿ ಹಾದುಹೋಗಿರುತ್ತವೆ. 'ನಾನು ಹುಷಾರಾಗಿ ನೋಡ್ಕೋತೀನಿ, ತಕ್ಷಣ ಕೈ ತೆಗೀತೀನಿ' ಎನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದೇ ಇಲ್ಲ. ಕೈ ಅಲ್ಲಿಗೆ ಹೋಗದ ಹಾಗೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದೊಂದೇ ದಾರಿ.

ಆದರೆ ಟೇಬಲ್ ಸಾದಲ್ಲಿ ಮಕ್ಕಳಿಗೆ ಮೊದಲು ಅರ್ಥವಾಗಬೇಕಾದದ್ದು ಹಲ್ಲಿನ ಹರಿತಕ್ಕಿಂತ, ಬ್ಲೇಡು ಮರವನ್ನು ನಮ್ಮ ಕಡೆಗೇ ಎಸೆಯುವುದು, ಅಂದರೆ ಕಿಕ್‌ಬ್ಯಾಕ್. ಬ್ಲೇಡಿನ ಮುಂಭಾಗದ ಹಲ್ಲುಗಳು, ಅಂದರೆ ನಮ್ಮ ಕಡೆ ಇರುವವು, ಕೆಳಗೆ ಇಳಿಯುತ್ತಾ ಮರವನ್ನು ಮೇಜಿಗೆ ಒತ್ತಿ ಹಿಡಿಯುತ್ತವೆ. ಅಲ್ಲಿಯವರೆಗೆ ಎಲ್ಲ ಸರಿ. ಹಿಂಭಾಗದ ಹಲ್ಲುಗಳು ಮೇಜಿನ ಒಳಗಿನಿಂದ ಮೇಲಕ್ಕೆ ಏಳುತ್ತಿರುತ್ತವೆ. ಹಲಗೆ ಸ್ವಲ್ಪ ವಾಲಿ ಆ ಹಿಂದಿನ ಹಲ್ಲುಗಳಿಗೆ ತಾಗಿತು ಅಂದರೆ, ಅವು ಅದನ್ನು ಎತ್ತಿ, ಬ್ಲೇಡಿನ ನೆತ್ತಿಯ ಮೇಲಿಂದ ನೇರವಾಗಿ ನಮ್ಮ ಕಡೆಗೆ ಎಸೆಯುತ್ತವೆ. ಮರ ತಿರುಚಿಕೊಂಡು ಹೋಗುವಾಗ ಅದರ ಮೇಲಿದ್ದ ಕೈಯನ್ನೂ ಬ್ಲೇಡಿನ ಕಡೆಗೆ ಎಳೆದುಕೊಂಡು ಹೋಗಬಹುದು.

ಹಾಗಾದರೆ ಮರ ಯಾಕೆ ವಾಲುತ್ತದೆ? ಇಲ್ಲಿ ಮರದ ಸ್ವಭಾವದ ಪಾಠ ಬರಬೇಕು. ಮರದೊಳಗೆ ಬೆಳೆಯುವಾಗಲೇ ಸೇರಿಕೊಂಡ ಬಿಗಿತ ಇರುತ್ತದೆ, ಸರಿಯಾಗಿ ಒಣಗಿಸದೆ ಉಳಿದ ಬಿಗಿತವೂ ಇರುತ್ತದೆ. ಉದ್ದಕ್ಕೆ ಸೀಳುತ್ತಾ ಹೋದಂತೆ ಆ ಬಿಗಿತ ಬಿಡುಗಡೆಯಾಗಿ, ಸೀಳಿದ ಎರಡು ಭಾಗಗಳು ಒಂದೋ ದೂರ ಸರಿಯುತ್ತವೆ, ಇಲ್ಲವೇ ಹತ್ತಿರ ಬಂದು ಬ್ಲೇಡಿನ ಹಿಂಭಾಗವನ್ನು ಕಚ್ಚಿ ಹಿಡಿಯುತ್ತವೆ. ಬ್ಲೇಡಿನ ಹಿಂದೆ ನಿಲ್ಲಿಸಿರುವ ತೆಳು ಲೋಹದ ಹಾಳೆ, ರೈವಿಂಗ್ ನೈಫ್, ಇರುವುದೇ ಈ ಕಚ್ಚುವಿಕೆಯನ್ನು ತಡೆಯುವುದಕ್ಕೆ. ಅದರ ದಪ್ಪ ಬ್ಲೇಡಿನ ಮೈಗಿಂತ ಒಂಚೂರು ಜಾಸ್ತಿ, ಬ್ಲೇಡು ಕೊರೆಯುವ ಸೀಳಿಗಿಂತ ಒಂಚೂರು ಕಡಿಮೆ. ಬ್ಲೇಡು ಮೇಲೆ ಕೆಳಗೆ ಹೋದಾಗ ಅದೂ ಜೊತೆಗೇ ಹೋಗುತ್ತದೆ, ಹಾಗಾಗಿ ಹಲ್ಲಿಗೂ ಅದಕ್ಕೂ ನಡುವಿನ ಅಂತರ ಯಾವಾಗಲೂ ಕೆಲವೇ ಮಿಲಿಮೀಟರ್. ನಾನು ಮಕ್ಕಳಿಗೆ ಯಂತ್ರದ ಪ್ಲಗ್ ತೆಗೆದು, ಕ್ಯಾಲಿಪರ್ ಕೊಟ್ಟು, ಈ ಮೂರೂ ದಪ್ಪಗಳನ್ನು ಅಳೆಯಲು ಹೇಳುತ್ತೇನೆ. ಅಳೆದ ಮಗು ಆ ಹಾಳೆಯನ್ನು 'ಅಡ್ಡ ಬರ್ತಿದೆ' ಅಂತ ಬಿಚ್ಚಿಡುವುದಿಲ್ಲ. ಬೇರೆ ದಪ್ಪದ ಬ್ಲೇಡು ಹಾಕಿದರೆ ಹಾಳೆಯನ್ನೂ ಬದಲಿಸಬೇಕಾ ಅಂತ ತಾನೇ ಕೇಳುತ್ತದೆ. ಆ ಪ್ರಶ್ನೆ ಬಂತು ಅಂದರೆ ಪಾಠ ತಲುಪಿತು.

ಫೆನ್ಸ್, ಅಂದರೆ ಹಲಗೆಯನ್ನು ಆನಿಸಿ ತಳ್ಳಲು ಮೇಜಿನ ಮೇಲಿರುವ ನೇರ ಪಟ್ಟಿ, ಅದರ ವಿಷಯವೂ ಹಾಗೇ. ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿರಬೇಕು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಯಾಕೆ? ಹಿಂದಿನ ತುದಿ ಬ್ಲೇಡಿನ ಕಡೆ ವಾಲಿದ್ದರೆ ಅದು ಹಲಗೆಯನ್ನು ಮೇಲೇಳುವ ಹಲ್ಲುಗಳತ್ತ ಒತ್ತುತ್ತಾ ಹೋಗುತ್ತದೆ, ಅದಕ್ಕೆ. ಅದೇ ವಾಲು ಹಲಗೆಯ ಅಂಚಿನಲ್ಲಿ ಸುಟ್ಟ ಕಪ್ಪು ಗುರುತನ್ನೂ ಬಿಡುತ್ತದೆ. ಅಂಚು ಕಪ್ಪಾಗಿ ಬಂದಿದ್ದರೆ ಅದನ್ನು ಬರೀ ಉಜ್ಜುವ ಕೆಲಸ ಜಾಸ್ತಿಯಾಯಿತು ಅಂತ ನೋಡಬಾರದು, ಅದು ಯಂತ್ರ ಕೊಡುತ್ತಿರುವ ಎಚ್ಚರಿಕೆ. ಹಲಗೆಯನ್ನು ಅಡ್ಡ ಕತ್ತರಿಸುವಾಗ ಮೈಟರ್ ಗೇಜ್ (ಹಲಗೆಯನ್ನು ಅಡ್ಡಲಾಗಿ ಹಿಡಿದು ತಳ್ಳುವ ಜಾರು ಸಾಧನ) ಮತ್ತು ಫೆನ್ಸ್ ಎರಡನ್ನೂ ಒಟ್ಟಿಗೆ ಬಳಸಬಾರದು ಅನ್ನುವುದಕ್ಕೂ ಕಾರಣ ಇದೇ ಜಾತಿಯದ್ದು: ತುಂಡಾದ ಭಾಗ ಬ್ಲೇಡು ಮತ್ತು ಫೆನ್ಸ್ ನಡುವೆ ಸಿಕ್ಕಿಬೀಳುತ್ತದೆ, ಅದಕ್ಕೆ ಹೋಗಲು ಬೇರೆ ಜಾಗವೇ ಇರುವುದಿಲ್ಲ. ಒಂದೇ ಅಳತೆಯ ತುಂಡುಗಳು ಬೇಕಾದರೆ ಬ್ಲೇಡಿಗಿಂತ ಮೊದಲೇ ಮುಗಿಯುವ ಹಾಗೆ ಫೆನ್ಸಿಗೆ ಒಂದು ಮರದ ಕಟ್ಟೆ ಕಟ್ಟಿ, ಅಳತೆ ಮಾತ್ರ ಅದರಿಂದ ತಗೊಳ್ಳಿ. ಕತ್ತರಿಸುವ ಹೊತ್ತಿಗೆ ತುಂಡು ಬಿಡುಬೀಸಾಗಿರುತ್ತದೆ.

ಬೆರಳು ತಾಗಿದ ಕೂಡಲೇ ಬ್ಲೇಡನ್ನು ನಿಲ್ಲಿಸುವ ಟೇಬಲ್ ಸಾಗಳೂ ಈಗ ಇವೆ. ಸ್ಟೀವ್ ಗ್ಯಾಸ್ ಎಂಬುವರು 1999ರಲ್ಲಿ ಕಂಡುಹಿಡಿದ ಸಾಸ್ಟಾಪ್ ಇವುಗಳಲ್ಲಿ ಹೆಸರಾದದ್ದು. ಬ್ಲೇಡಿನಲ್ಲಿ ಒಂದು ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮೈ ತಾಗಿದರೆ ಸಂಕೇತ ಬದಲಾಗುತ್ತದೆ, ಅಲ್ಯುಮಿನಿಯಂ ಬ್ರೇಕ್ ಒಂದು ಚಿಮ್ಮಿ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಂತು ಮೇಜಿನ ಕೆಳಗೆ ಇಳಿಯುತ್ತದೆ. ಕೊಳ್ಳುವ ಶಕ್ತಿ ಇರುವ ಶಾಲೆ ಇಂಥದ್ದನ್ನೇ ಕೊಳ್ಳಲಿ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಿಕ್‌ಬ್ಯಾಕ್ ತಡೆಯುವುದಿಲ್ಲ. ಹಾರಿ ಬರುವ ಹಲಗೆಯನ್ನು ನಿಲ್ಲಿಸುವ ಬ್ರೇಕ್ ಯಾವುದೂ ಇಲ್ಲ. ಅದಕ್ಕೇ ಬ್ಲೇಡಿನ ಸಾಲಿನಲ್ಲಿ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲುವುದು, ಕೈ ಬದಲು ಮರವನ್ನು ತಳ್ಳುವ ಪುಶ್ ಸ್ಟಿಕ್ಕನ್ನು ಯಂತ್ರ ಶುರು ಮಾಡುವ ಮೊದಲೇ ಕೈಗೆಟಕುವಲ್ಲಿ ಇಟ್ಟುಕೊಳ್ಳುವುದು, ಫೆನ್ಸ್ ಮತ್ತು ಬ್ಲೇಡಿನ ನಡುವಿನ ಭಾಗವನ್ನು ಬ್ಲೇಡು ದಾಟುವವರೆಗೂ ತಳ್ಳುತ್ತಲೇ ಇರುವುದು, ಇವೆಲ್ಲ ಯಾವ ಯಂತ್ರ ಬಂದರೂ ಹಾಗೇ ಉಳಿಯುತ್ತವೆ.

ಎರಡು ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡು ಓಡುವ ಬ್ಯಾಂಡ್ ಸಾ ಸ್ವಲ್ಪ ಸಮಾಧಾನದ ಯಂತ್ರ. ಬ್ಲೇಡು ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಓಡುತ್ತದೆ, ಮರವನ್ನು ಸದಾ ಮೇಜಿಗೇ ಒತ್ತುತ್ತದೆ, ಹಾಗಾಗಿ ಟೇಬಲ್ ಸಾ ಥರ ಹಲಗೆಯನ್ನು ಹಿಂದಕ್ಕೆ ಎಸೆಯುವುದಿಲ್ಲ. ಮಕ್ಕಳಿಗೆ ಮೊದಲು ಇದನ್ನೇ ಕಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಈ ಸಮಾಧಾನದಲ್ಲೇ ಅಪಾಯ ಇದೆ. ಸದ್ದು ಕಡಿಮೆ, ಭಯ ಕಡಿಮೆ, ಬೆರಳು ಬ್ಲೇಡಿನ ನೇರಕ್ಕೆ ಬಂದಿರುವುದು ಗೊತ್ತೇ ಆಗುವುದಿಲ್ಲ. ಬ್ಲೇಡನ್ನು ಮುಚ್ಚುವ ಮೇಲಿನ ಗಾರ್ಡನ್ನು ಮರದಿಂದ 6 ಮಿ.ಮೀ. ಎತ್ತರಕ್ಕೆ ಇಳಿಸಿಕೊಳ್ಳಿ ಅನ್ನುವುದು ಸುಮ್ನೆ ಹೇಳಿದ ಅಂಕಿ ಅಲ್ಲ. ಅಷ್ಟು ಇಳಿಸಿದರೆ ಬೆರಳು ತೂರುವ ಜಾಗ ಉಳಿಯುವುದಿಲ್ಲ, ಜೊತೆಗೆ ಬ್ಲೇಡಿಗೆ ಹತ್ತಿರದಲ್ಲೇ ಆಸರೆ ಸಿಕ್ಕಿ ಅದು ಬಾಗದೆ ನೇರ ಕತ್ತರಿಸುತ್ತದೆ. ಒಂದೇ ಹೊಂದಾಣಿಕೆ, ಎರಡೂ ಲಾಭ.

ತಿರುವಿನಲ್ಲಿ ಕತ್ತರಿಸುವುದು ಬ್ಯಾಂಡ್ ಸಾದ ಸೊಗಸು. ಇಲ್ಲೂ ಒಂದು ಮಿತಿ ಇದೆ: 6 ಮಿ.ಮೀ. ಅಗಲದ ಬ್ಲೇಡು ಸುಮಾರು 16 ಮಿ.ಮೀ. ತ್ರಿಜ್ಯದ ತಿರುವಿನವರೆಗೆ ಹೋಗುತ್ತದೆ, ಅದಕ್ಕಿಂತ ಬಿಗಿಯಾದ ತಿರುವಿಗೆ ಬಲವಂತ ಮಾಡಿದರೆ ಬ್ಲೇಡು ತಿರುಚಿಕೊಂಡು ಚಕ್ರದಿಂದ ಜಾರುತ್ತದೆ ಅಥವಾ ತುಂಡಾಗುತ್ತದೆ. ಅದಕ್ಕೇ ತಿರುವಿನ ಗೆರೆಯವರೆಗೆ ಮೊದಲು ಅಲ್ಲಲ್ಲಿ ನೇರ ಸೀಳು ಹಾಕಿಕೊಳ್ಳುವುದು. ದುಂಡು ಮರವನ್ನು ಬರಿಗೈಯಲ್ಲಿ ಹಿಡಿದು ಅಡ್ಡ ಕತ್ತರಿಸಬಾರದು ಅನ್ನುವುದು ಮಾತ್ರ ಮಕ್ಕಳಿಗೆ ಯಾವಾಗಲೂ ಆಶ್ಚರ್ಯ. ದುಂಡು ಮರದ ಕೆಳಗೆ, ಹಲ್ಲು ಒತ್ತುವ ಕಡೆ, ಮೇಜಿನ ಆಸರೆ ಇರುವುದಿಲ್ಲ. ಹಲ್ಲು ತಾಗಿದ ಕ್ಷಣ ಅದು ಗಿರ್ರನೆ ಉರುಳಿ ಬೆರಳನ್ನು ಒಳಗೆ ಎಳೆಯುತ್ತದೆ. ಇಂಗ್ಲಿಷಿನ ವಿ ಅಕ್ಷರದ ಆಕಾರದ ತೊಟ್ಟಿಲಲ್ಲಿ ಮರವನ್ನು ಕೂರಿಸಿದರೆ ಈ ತೊಂದರೆ ಇಲ್ಲ, ಮತ್ತು ಆ ತೊಟ್ಟಿಲನ್ನು ಮಾಡುವುದೇ ಮಕ್ಕಳಿಗೆ ಒಳ್ಳೆಯ ಮೊದಲ ಕೆಲಸ. ಇನ್ನೊಂದು: ಸ್ವಿಚ್ ಆರಿಸಿದ ಮೇಲೂ ಬ್ಯಾಂಡ್ ಸಾ ಬ್ಲೇಡು ಸದ್ದಿಲ್ಲದೆ ಸಾಕಷ್ಟು ಹೊತ್ತು ಓಡುತ್ತಿರುತ್ತದೆ. ಪೂರ್ತಿ ನಿಲ್ಲುವವರೆಗೆ ಯಂತ್ರ ಬಿಟ್ಟು ಕದಲಬಾರದು, ಯಾಕೆಂದರೆ ಮುಂದೆ ಬರುವವರು ಅದು ನಿಂತಿದೆ ಅಂತಲೇ ತಿಳಿಯುತ್ತಾರೆ.

ಜಾಯಿಂಟರ್, ಅಂದರೆ ಹಲಗೆಯ ಒಂದು ಮುಖವನ್ನು ಸಮತಟ್ಟು ಮಾಡುವ ಯಂತ್ರ. ನನಗೆ ತುಂಬಾ ಇಷ್ಟವಾದದ್ದು ಇದು. ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುವ ಉರುಳೆಯಲ್ಲಿ ಮೂರು ಅಲಗುಗಳಿದ್ದರೆ ಸೆಕೆಂಡಿಗೆ 250 ಕೊರೆತ. ಮರದ ಎಳೆ ಯಾವ ಕಡೆ ವಾಲಿದೆ ಅಂತ ಹಲಗೆಯ ಪಕ್ಕದ ಅಂಚಿನಲ್ಲಿ ನೋಡಿಕೊಂಡು, ಅಲಗು ಎಳೆಗಳನ್ನು ಮಲಗಿಸುತ್ತಾ ಹೋಗುವ ಹಾಗೆ ಹಲಗೆ ಇಡಬೇಕು. ಬೆಕ್ಕಿನ ಮೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿದ ಹಾಗೆ. ಉಲ್ಟಾ ಕೊಟ್ಟರೆ ಎಳೆಗಳು ಕಿತ್ತುಬರುತ್ತವೆ, ಮೇಲ್ಮೈ ಕೆಡುತ್ತದೆ, ಹಲಗೆಯೂ ಕೈಯಲ್ಲಿ ಧಡ್ ಧಡ್ ಅಂತ ಕುಣಿಯುತ್ತದೆ. ಬಾಗಿದ ಹಲಗೆಯಾದರೆ ತಗ್ಗಿರುವ ಮುಖ ಕೆಳಗೆ. ಆಗ ಎರಡು ತುದಿಗಳೂ ಮೇಜಿಗೆ ತಾಗುತ್ತವೆ, ಹಲಗೆ ತೂಗಾಡುವುದಿಲ್ಲ. ಉಬ್ಬು ಕೆಳಗಿದ್ದರೆ ಅದು ಏರುಪೇರಾಗಿ ತೂಗುತ್ತದೆ, ಎಷ್ಟು ಸಲ ಹಾಯಿಸಿದರೂ ಸಮತಟ್ಟಾಗುವುದಿಲ್ಲ. ನೋಡಿ, ಮತ್ತೆ ಅದೇ: ತೂಗುವ ಹಲಗೆ ಕೆಟ್ಟ ಕೆಲಸವೂ ಹೌದು, ಅಪಾಯವೂ ಹೌದು.

ಶಾಲೆಗಳಲ್ಲಿ 300 ಮಿ.ಮೀ.ಗಿಂತ ಗಿಡ್ಡ ಹಲಗೆಯನ್ನು ಇದರ ಮೇಲೆ ಹಾಯಿಸಲು ಬಿಡುವುದಿಲ್ಲ, ಅದು ಸರಿಯಾದ ನಿಯಮ. ಎರಡು ಮೇಜುಗಳ ನಡುವೆ ಅಲಗಿಗಾಗಿ ಬಿಟ್ಟ ಸಂದು ಇದೆ. ಗಿಡ್ಡ ತುಂಡಿನ ಮೂತಿ ಆಚೆ ಮೇಜನ್ನು ಹತ್ತುವ ಮೊದಲೇ ಆ ಸಂದಿನೊಳಗೆ ಬಾಗಬಹುದು. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ತೆಗೆಯಬೇಡಿ, ಕೈಯನ್ನು ಅಲಗಿನ ನೇರ ಮೇಲೆ ತರಬೇಡಿ, ಹಲಗೆಯನ್ನು ಒತ್ತಿ ತಳ್ಳುವ ಹಿಡಿಕೆಯ ಪುಶ್ ಬ್ಲಾಕ್ ಬಳಸಿ. ಹಳೆಯ ಕಾಲದ ಯಂತ್ರಗಳಲ್ಲಿ ಈ ಉರುಳೆ ಚೌಕವಾಗಿತ್ತು. ಚೌಕದ ಮೂಲೆಗಳು ತಿರುಗಲು ದೊಡ್ಡ ಸಂದು ಬೇಕು, ಆ ಸಂದಿನಲ್ಲಿ ಇಡೀ ಕೈ ಹೋಗುತ್ತಿತ್ತು. ದುಂಡು ಉರುಳೆ ಬಂದ ಮೇಲೆ ಸಂದು ಕಿರಿದಾಯಿತು, ಗಾಯವೂ ಚಿಕ್ಕದಾಯಿತು. ಬರೀ ಆಕಾರ ಬದಲಿಸಿ ಎಷ್ಟೋ ಜನರ ಕೈ ಉಳಿಸಿದ್ದಾರೆ. ವಿನ್ಯಾಸ ಅಂದರೇನು ಅಂತ ಮಕ್ಕಳಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮರವನ್ನು ತಿರುಗಿಸುತ್ತಾ ಉಳಿಯಿಂದ ಕೆತ್ತುವ ಲೇತ್ ಮುಂದೆ ಮಕ್ಕಳು ಕಳೆದುಹೋಗುತ್ತಾರೆ, ಅಷ್ಟು ಚೆಂದ ಅದು. ಕೋನ ಕೋನವಾಗಿದ್ದ ತುಂಡು ಕಣ್ಣೆದುರೇ ದುಂಡಾಗುತ್ತದೆ, ಉಳಿಯ ಬಾಯಿಂದ ಚಕ್ಕೆಗಳು ಸುರುಳಿಯಾಗಿ ಹಾರುತ್ತವೆ. ಇಲ್ಲಿ ಕಲಿಸಬೇಕಾದ ಮೊದಲ ವಿಷಯ ವೇಗ. ತಿರುಗಿಸುವವರು ಬಳಸುವ ಒಂದು ಸುಲಭ ಲೆಕ್ಕ ಇದೆ: ಮರದ ವ್ಯಾಸವನ್ನು ಇಂಚಿನಲ್ಲಿ ತಗೊಂಡು ನಿಮಿಷದ ಸುತ್ತಿನಿಂದ ಗುಣಿಸಿದರೆ ಉತ್ತರ 6000ದಿಂದ 9000ದ ಒಳಗಿರಬೇಕು. 2 ಇಂಚಿನ ಕಂಬಕ್ಕೆ 3000 ಸುತ್ತು ಆಗಬಹುದು. 10 ಇಂಚಿನ ಬೋಗುಣಿಗೆ 600ರಿಂದ 900 ಅಷ್ಟೇ. ಹಿಂದಿನ ಮಗು ಸಣ್ಣ ಕಂಬ ತಿರುಗಿಸಿ 3000ದಲ್ಲೇ ಬಿಟ್ಟು ಹೋಗಿ, ಮುಂದಿನ ಮಗು ಅದನ್ನು ನೋಡದೆ ದೊಡ್ಡ ಬೋಗುಣಿಯ ಮರ ಸಿಕ್ಕಿಸಿ ಸ್ವಿಚ್ ಒತ್ತಿದರೆ, ಮರದ ಅಂಚು ಗಂಟೆಗೆ 140 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಅದರಲ್ಲಿ ಒಂದು ಬಿರುಕಿದ್ದರೆ ಸಾಕು. ಹಾಗಾಗಿ ಸ್ವಿಚ್ ಒತ್ತುವ ಮೊದಲು ವೇಗ ನೋಡುವುದು, ಮರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ಖಚಿತ ಮಾಡಿಕೊಳ್ಳುವುದು, ಶುರುವಾಗುವಾಗ ಮರದ ನೇರದಿಂದ ಪಕ್ಕಕ್ಕೆ ಸರಿದು ನಿಲ್ಲುವುದು. ಬೋಗುಣಿ ತಿರುಗಿಸುವಾಗ ಕನ್ನಡಕ ಸಾಲದು, ಪೂರ್ತಿ ಮುಖ ಮುಚ್ಚುವ ಶೀಲ್ಡ್ ಬೇಕು.

ಗ್ಲೌಸ್ ಯಾಕೆ ಬೇಡ ಅನ್ನುವುದು ಪ್ರತಿ ಹೊಸ ಕ್ಲಾಸಿನಲ್ಲೂ ಬರುವ ಪ್ರಶ್ನೆ. 'ಮಿಸ್, ಕೈಗೆ ರಕ್ಷಣೆ ಬೇಕು ಅಂತೀರಿ, ಗ್ಲೌಸ್ ಬೇಡ ಅಂತೀರಿ, ಯಾಕೆ?' ಒಳ್ಳೆಯ ಪ್ರಶ್ನೆ, ಬೈಯಬೇಡಿ. ತಿರುಗುವ ಯಂತ್ರ ಚರ್ಮವನ್ನು ತಾಗಿದರೆ ಆ ಜಾಗವನ್ನು ಗಾಯ ಮಾಡಿ ಬಿಡಬಹುದು. ಬಟ್ಟೆಯನ್ನು ತಾಗಿದರೆ ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡು ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಬಿಟ್ಟ ಕೂದಲು, ಉದ್ದ ತೋಳು, ಕೊರಳ ಸರ, ಉಂಗುರ, ಐಡಿ ಕಾರ್ಡಿನ ದಾರ, ಎಲ್ಲದಕ್ಕೂ ಇದೇ ಕಾರಣ. ತೂತು ಕೊರೆಯುವ ಡ್ರಿಲ್ ಪ್ರೆಸ್ ನೋಡಲು ಸಾಧು, ಆದರೆ ಕೂದಲು ಸುತ್ತಿಕೊಳ್ಳುವುದು ಅಲ್ಲೂ ಅಷ್ಟೇ ಸುಲಭ, ಬಗ್ಗಿ ನೋಡುವ ಯಂತ್ರ ಅಲ್ವಾ. ಅಲ್ಲಿ ಮರವನ್ನು ಕ್ಲ್ಯಾಂಪ್ ಹಾಕಿ ಬಿಗಿಯದಿದ್ದರೆ, ಡ್ರಿಲ್ ಮರವನ್ನು ದಾಟಿ ಹೊರಬರುವ ಕ್ಷಣದಲ್ಲಿ ಕಚ್ಚಿಕೊಂಡು ಇಡೀ ತುಂಡನ್ನು ಗಿರಗಿರನೆ ತಿರುಗಿಸುತ್ತದೆ. ಡ್ರಿಲ್ಲನ್ನು ಬಿಗಿಯುವ ಚಕ್ ಕೀಲಿಯನ್ನು ಹಾಗೇ ಬಿಟ್ಟು ಸ್ವಿಚ್ ಒತ್ತಿದರೆ ಅದು ಹಾರುತ್ತದೆ. ಕೈ ಬಿಟ್ಟ ಕೂಡಲೇ ತಾನಾಗಿ ಹೊರಗೆ ಚಿಮ್ಮುವ ಸ್ಪ್ರಿಂಗ್ ಇರುವ ಕೀಲಿಗಳು ಸಿಗುತ್ತವೆ, ಶಾಲೆಗೆ ಅವೇ ಸರಿ.

ಈಗ ಯಾರೂ ಹೆದರದ ವಿಷಯಕ್ಕೆ ಬರುತ್ತೇನೆ. ಪುಡಿ. ಬ್ಲೇಡಿನ ಗಾಯ ಕಣ್ಣಿಗೆ ಕಾಣುತ್ತದೆ, ಪುಡಿಯದ್ದು ಹತ್ತಾರು ವರ್ಷಗಳ ಮೇಲೆ ಕಾಣುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವಿಕಂ ಎಂಬ ಕುರ್ಚಿ ಮೇಜುಗಳ ತಯಾರಿಕೆಗೆ ಹೆಸರಾದ ಊರಿನ ಕಡೆ ಕೆಲಸ ಮಾಡುತ್ತಿದ್ದ ಕಿವಿ ಮೂಗು ಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಒಂದು ಸಂಗತಿ ಗಮನಿಸಿದರು. ಮೂಗಿನೊಳಗಿನ ಒಂದು ಅಪರೂಪದ ಕ್ಯಾನ್ಸರ್ ಅಲ್ಲಿನ ಪೀಠೋಪಕರಣದ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ಅವರು ಡೊನಾಲ್ಡ್ ಅಚೆಸನ್ ಮೊದಲಾದವರ ಜೊತೆ ಸೇರಿ ಮಾಡಿದ ಅಧ್ಯಯನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ, ಅಂದರೆ ಗುಂಪು 1ಕ್ಕೆ ಸೇರಿಸಿತು. ನನ್ನ ಶಾಲೆಯ ದಿನಗಳಲ್ಲಿ ಇದನ್ನು ನಮಗೆ ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

ನೆಲದ ಮೇಲೆ ಬಿದ್ದ ದಪ್ಪ ಹೊಟ್ಟು ಅಷ್ಟು ಕೆಟ್ಟದ್ದಲ್ಲ, ಹೆಚ್ಚೆಂದರೆ ಕಾಲು ಜಾರುತ್ತದೆ. ಕೆಡುಕು ಮಾಡುವುದು ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ. 10 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ಕೆಲಸ ನಿಂತ ಮೇಲೂ ಗಾಳಿಯಲ್ಲಿ ತೇಲುತ್ತಾ ಇರುತ್ತವೆ. ಎಂಡಿಎಫ್ (ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ) ಕೊರೆದಾಗ, ಉಜ್ಜುವ ಯಂತ್ರ ಬಳಸಿದಾಗ ಇಂಥ ಪುಡಿ ಜಾಸ್ತಿ. ಕ್ಲಾಸ್ ಮುಗಿದ ಮೇಲೆ ಮಕ್ಕಳ ಕೈಗೆ ಪೊರಕೆ ಕೊಟ್ಟು ಗುಡಿಸಿಸುವ ಪದ್ಧತಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಒಣ ಪೊರಕೆ ಕೆಳಗೆ ಕೂತಿದ್ದ ನುಣ್ಣನೆಯ ಪುಡಿಯನ್ನೆಲ್ಲ ಮತ್ತೆ ಉಸಿರಿನ ಮಟ್ಟಕ್ಕೆ ಎಬ್ಬಿಸುತ್ತದೆ, ಅದೂ ಎಲ್ಲರೂ ಮಾಸ್ಕ್ ತೆಗೆದ ಹೊತ್ತಿನಲ್ಲಿ. ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿ. ಪುಡಿ ಹುಟ್ಟುವ ಜಾಗದಲ್ಲೇ, ಬ್ಲೇಡಿನ ಬುಡದಲ್ಲೇ, ಹೀರುವ ಕೊಳವೆ ಇರಲಿ. ಮಾಸ್ಕ್ ಅದಾದ ಮೇಲಿನ ಮಾತು.

ಸದ್ದಿನ ಬಗ್ಗೆಯೂ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು ಅನ್ನುವುದು ವ್ಯಾಪಕವಾಗಿ ಬಳಸುವ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, ಹೀಗೆ ಇಳಿಯುತ್ತಾ 100ಕ್ಕೆ ಬಂದರೆ 15 ನಿಮಿಷ. ದಪ್ಪ ಇಳಿಸುವ ಪ್ಲೇನರ್ ಆ 100ರ ಆಸುಪಾಸಿನಲ್ಲೇ ಕೂಗುತ್ತದೆ. ಕ್ಲಾಸಿನಲ್ಲಿ ಕೂತು ಈ ಪಟ್ಟಿ ಬರೆದ ಮಕ್ಕಳು ಕಿವಿಯ ಮಫ್‌ಗಳನ್ನು ತಾವೇ ಹುಡುಕಿಕೊಂಡು ಬರುತ್ತಾರೆ.

ಸ್ವಿಚ್‌ಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದನ್ನು ಬಹಳ ಶಾಲೆಗಳು ಕಡೆಗಣಿಸುತ್ತವೆ. ಯಂತ್ರ ಓಡುತ್ತಿರುವಾಗ ಕರೆಂಟ್ ಹೋಯಿತು ಅಂತ ಇಟ್ಟುಕೊಳ್ಳಿ. ಬ್ಲೇಡು ನಿಂತಿತು, ಮಗು ಮರವನ್ನು ಬಿಡಿಸಿಕೊಳ್ಳಲು ಕೈ ಹಾಕಿತು, ಅದೇ ಹೊತ್ತಿಗೆ ಕರೆಂಟ್ ಬಂತು. ಸಾಮಾನ್ಯ ಸ್ವಿಚ್ ಆದರೆ ಯಂತ್ರ ತಾನಾಗಿಯೇ ಶುರುವಾಗುತ್ತದೆ. ಮರಗೆಲಸದ ಯಂತ್ರಗಳಿಗೆಂದೇ ಬೇರೆ ಜಾತಿಯ ಸ್ವಿಚ್ ಇದೆ, ನೋ ವೋಲ್ಟ್ ರಿಲೀಸ್ ಅಂತಾರೆ. ಕರೆಂಟ್ ಹೋದ ಕೂಡಲೇ ಅದು ತಾನೇ ಆಫ್ ಆಗುತ್ತದೆ, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಕದಲುವುದಿಲ್ಲ. ಒಂದೇ ಒಂದು ಸುಧಾರಣೆ ಮಾಡಲು ಸಾಧ್ಯವಿರುವ ಶಾಲೆಗೆ ನಾನು ಮೊದಲು ಹೇಳುವುದು ಇದನ್ನೇ. ಆಮೇಲೆ ಗೋಡೆಗಳ ಮೇಲೆ ಅಲ್ಲಲ್ಲಿ ಅಣಬೆಯಾಕಾರದ ಕೆಂಪು ಗುಂಡಿ, ಒಂದನ್ನು ಒತ್ತಿದರೆ ಇಡೀ ಕೋಣೆಯ ಯಂತ್ರಗಳ ಕರೆಂಟ್ ಕಡಿಯಬೇಕು. ಅದನ್ನು ಪ್ರತಿ ಮಗುವೂ ಒಮ್ಮೆಯಾದರೂ ಒತ್ತಿ ನೋಡಿರಬೇಕು. ತೊಂದರೆಯಾದಾಗ 'ಒತ್ತಬಹುದಾ, ಬೈತಾರಾ' ಅನ್ನುವ ಅನುಮಾನ ಒಂದು ಕ್ಷಣಕ್ಕೂ ಬರಬಾರದು. ಸುಮ್ಮನೆ ಒತ್ತಿದರೂ ಪರವಾಗಿಲ್ಲ ಅಂತ ಮೇಷ್ಟ್ರು ಬಾಯಿಬಿಟ್ಟು ಹೇಳಿರಬೇಕು. ಬ್ಲೇಡು ಬದಲಿಸುವಾಗ ಮಾತ್ರ ಸ್ವಿಚ್ ನಂಬಬೇಡಿ, ಪ್ಲಗ್ಗೇ ಹೊರಗಿರಲಿ.

ಮೇಷ್ಟ್ರ ಮಾತು ಬಂತು. ನನಗೆ ಕಲಿಸಿದವರು ಯಂತ್ರ ಶುರು ಮಾಡುವ ಮೊದಲು ಪ್ರತಿಯೊಬ್ಬರ ಬಾಯಲ್ಲೂ ಒಂದು ವಿವರಣೆ ಹೇಳಿಸುತ್ತಿದ್ದರು. ಎಲ್ಲಿ ನಿಲ್ಲುತ್ತೀಯ, ಕೈ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ತುಂಡಾದ ಭಾಗ ಎಲ್ಲಿ ಬೀಳುತ್ತದೆ, ಸಿಕ್ಕಿಕೊಂಡರೆ ಏನು ಮಾಡುತ್ತೀಯ. ಯಂತ್ರ ಆಫ್ ಇರುವಾಗಲೇ ಹಲಗೆಯನ್ನು ಗಾಳಿಯಲ್ಲಿ ಒಮ್ಮೆ ತಳ್ಳಿ ತೋರಿಸಬೇಕಿತ್ತು. ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಕೊರೆತ ಇಲ್ಲ. ಬೈಗುಳ ಇರಲಿಲ್ಲ, 'ಯೋಚನೆ ಮಾಡಿಕೊಂಡು ಬಾಮ್ಮ' ಅಷ್ಟೇ. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ತರಗತಿಯಲ್ಲಿ ಮಕ್ಕಳು ಜಾಸ್ತಿ ಇದ್ದರೆ ಒಬ್ಬರೇ ಮೇಷ್ಟ್ರಿಂದ ಆಗುವುದಿಲ್ಲ, ಅದೂ ನಿಜ. ಹಾಗಿದ್ದಾಗ ಅರ್ಧ ಮಕ್ಕಳು ಕೈಗರಗಸ, ಉಳಿಯ ಕೆಲಸ ಮಾಡಲಿ, ಓಡುವ ಯಂತ್ರಗಳ ಸಂಖ್ಯೆ ಕಡಿಮೆಯಾಗಲಿ. ಮೇಷ್ಟ್ರ ಕಣ್ಣಿಗೆ ಸಿಗದ ಯಂತ್ರ ಆ ಹೊತ್ತು ಬೀಗ ಹಾಕಿಕೊಂಡಿರಲಿ. ಕೊನೆಯ ಹತ್ತು ನಿಮಿಷ ಯಾವ ಯಂತ್ರವೂ ಬೇಡ, ಗಂಟೆ ಹೊಡೆಯುವ ಮೊದಲು ಮುಗಿಸುವ ಆತುರ ತುಂಬಾ ಕೆಟ್ಟದ್ದು.

ಮೊದಲು ಕೈ ಉಪಕರಣ, ಆಮೇಲೆ ಯಂತ್ರ ಅನ್ನುವ ಕ್ರಮವನ್ನು ನಾನು ಪೂರ್ತಿ ಒಪ್ಪುತ್ತೇನೆ. ಶಾಲೆಯಲ್ಲಿ ಮರಗೆಲಸ ಅನ್ನುವುದೇ ಹಳೆಯ ಸಂಗತಿ. ಫಿನ್ಲೆಂಡಿನಲ್ಲಿ ಊನೊ ಸಿಗ್ನೇಯುಸ್ ಅವರ ಪ್ರಯತ್ನದಿಂದ 1866ರಲ್ಲೇ ಕೈಕೆಲಸ ಶಾಲೆಯ ಪಾಠವಾಯಿತು. ಸ್ವೀಡನ್ನಿನ ನೇಸ್‌ನಲ್ಲಿ ಓಟೊ ಸಾಲೊಮೊನ್ 1870ರ ದಶಕದಿಂದ ಅದಕ್ಕಾಗಿ ಶಿಕ್ಷಕರನ್ನು ತಯಾರು ಮಾಡಿದರು. ಅವರ ಪದ್ಧತಿಯಲ್ಲಿ ಮಗುವಿನ ಕೈಗೆ ಮೊದಲು ಬರುತ್ತಿದ್ದದ್ದು ಚಾಕು. ಸುಲಭದಿಂದ ಕಷ್ಟಕ್ಕೆ, ಒಂದೊಂದೇ ಮಾದರಿ. ಕೈಯಲ್ಲಿ ಎಳೆಯ ವಿರುದ್ಧ ಒಮ್ಮೆ ಕೆತ್ತಿ ನೋಡಿದ ಮಗುವಿಗೆ ಜಾಯಿಂಟರ್ ಮುಂದೆ ಎಳೆಯ ದಿಕ್ಕು ವಿವರಿಸುವ ಕಷ್ಟವೇ ಇಲ್ಲ. ಮಣಿಕಟ್ಟಿಗೆ ಅದು ಆಗಲೇ ಗೊತ್ತು.

ಹೊಸದಾಗಿ ವರ್ಕ್‌ಶಾಪ್ ಮಾಡುತ್ತಿರುವ ಶಿಕ್ಷಕರು ಯಾವ ಯಂತ್ರ ಮೊದಲು ಅಂತ ಕೇಳುತ್ತಾರೆ. ನನ್ನ ಕ್ರಮ ಇದು. ಮೊದಲು ಪುಡಿ ಹೀರುವ ವ್ಯವಸ್ಥೆ ಮತ್ತು ಕೆಂಪು ಗುಂಡಿಗಳ ವೈರಿಂಗ್, ಯಾಕೆಂದರೆ ಯಂತ್ರ ಬಂದ ಮೇಲೆ ಇವಕ್ಕೆ ಹಣ ಉಳಿಯುವುದೇ ಇಲ್ಲ. ಆಮೇಲೆ ಡ್ರಿಲ್ ಪ್ರೆಸ್, ಬ್ಯಾಂಡ್ ಸಾ. ಅದಾದ ಮೇಲೆ ಒಂದೆರಡು ಸಣ್ಣ ಲೇತ್. ಜಾಯಿಂಟರ್ ಮತ್ತು ಪ್ಲೇನರ್ ದೊಡ್ಡ ಮಕ್ಕಳಿಗೆ, ಪಕ್ಕದಲ್ಲೇ ಶಿಕ್ಷಕರು ನಿಂತಿದ್ದಾಗ ಮಾತ್ರ. ಟೇಬಲ್ ಸಾ ಕೊನೆಗೆ. ಚಿಕ್ಕ ಮಕ್ಕಳಿಗೆ ಅದರ ಮೇಲೆ ಬೇಕಾದ ಕೊರೆತವನ್ನು ಶಿಕ್ಷಕರೇ ಮಾಡಿಕೊಡಲಿ, ಮಕ್ಕಳು ದೂರ ನಿಂತು ನೋಡಲಿ. ಬ್ಯಾಂಡ್ ಸಾ, ತೋಪಡ ಎರಡೇ ಇಟ್ಟುಕೊಂಡು ಸ್ಟೂಲು, ಪೆಟ್ಟಿಗೆ, ಪುಸ್ತಕದ ಕಪಾಟು ಎಲ್ಲ ಮಾಡಬಹುದು. ಸೀಳಿದ ಅಂಚು ಸ್ವಲ್ಪ ಒರಟಾಗಿ ಬರುತ್ತದೆ, ತೋಪಡದಲ್ಲಿ ನಾಲ್ಕು ಸಲ ಎಳೆದರೆ ನಯವಾಗುತ್ತದೆ. ಆ ಕೆಲಸಕ್ಕೆ ಮಕ್ಕಳ ಕೈಯಲ್ಲಿ ಬೇಕಾದಷ್ಟು ಹೊತ್ತಿದೆ.